ಬೆಂಚಿನ ಮೇಲೆ ಇಳಿದ ನಾಡಿ

ಸುಮ್ಮನೆ ಕೂತಾಗಲೂ ನಾಡಿ ನೂರು ಬಡಿಯುತ್ತಿದೆ, ತೂಕ ಇಳಿಸದೆ ಕಂಡಕ್ಟರ್ ಕೆಲಸಕ್ಕೆ ಫಿಟ್ ಎಂದು ಬರೆಯುವುದಿಲ್ಲ ಎಂದಿದ್ದರು ಡಾಕ್ಟರು. ಮೂರು ತಿಂಗಳು ಹೊಲದ ದಾರಿಯಲ್ಲಿ ದಿನಾ ನಡೆದೆ, ಎರಡು ಮುದ್ದೆಯ ಬದಲು ಒಂದೇ ಉಂಡೆ, ಒಂಬತ್ತು ಕೆಜಿ ಇಳಿದೆ. ತಪಾಸಣೆಯ ದಿನ ನಾಡಿ ಇನ್ನಷ್ಟು ತಗ್ಗಲೆಂದು, ಮಾದಪ್ಪ ದೇವರನ್ನು ನೆನೆಯುತ್ತಾ ನಮ್ಮೂರು ಉಡಿಗಾಲದಿಂದ ಚಾಮರಾಜನಗರದ ಆಸ್ಪತ್ರೆಗೆ ನಡೆದೇ ಹೋದೆ. ನರ್ಸಮ್ಮ ಕೈ ಹಿಡಿದು ಎಣಿಸಿದರು. ನೂರಾಹತ್ತು!

“ಬಸ್ಸಲ್ಲಿ ಬರ್ಲಿಲ್ವಾ?”

“ನಡ್ಕಂಡೇ ಬಂದೆ ಕಣವ್ವಾ, ಒಳ್ಳೇದಾಗ್ಲಿ ಅಂತ.”

“ಅಯ್ಯೋ ಸಿವನೇ! ಓಗಿ, ಆ ಬೆಂಚಲ್ಲಿ ತೆಪ್ಪಗೆ ಕೂತ್ಕಳಿ.”

ಕೂತವನು ಗೋಡೆಗೊರಗಿ ನಿದ್ದೆಹೋದೆ. ಅವರು ಎಬ್ಬಿಸಿ ಮತ್ತೆ ಎಣಿಸಿದರು.

“ಎಪ್ಪತ್ತೆರಡು! ಮೂರು ತಿಂಗಳು ನಡೆದಿದ್ದಕ್ಕೆ ಎದೆ ಗಟ್ಟಿಯಾಗೈತೆ ಕಣಣ್ಣಾ.”

ಡಾಕ್ಟರು ಬರೆದ ಫಿಟ್ ಚೀಟಿ ಕೈಗೆ ಬಂತು. ನಾಳೆಯಿಂದ ದಿನವಿಡೀ ಬಸ್ಸಿನಲ್ಲಿ ನಿಂತೇ ಇರಬೇಕಲ್ಲ ಎಂದು ನೆನೆದಾಗ, ಆ ಬೆಂಚು ಬಿಟ್ಟು ಏಳಲು ಮನಸ್ಸೇ ಬರಲಿಲ್ಲ.