ನಾಗಣ್ಣ ಬಿಟ್ಟ ಒಂದು ಮೀಟರ್

ಸುಳ್ಳು ಹೇಳಲು ಬಾಯಿ ಬೇಕೇ ಬೇಕೆಂದೇನೂ ಇಲ್ಲ, ತಲೆಯಾಡಿಸಿದರೂ ಸಾಕು. ಇದು ನನಗೆ ಗೊತ್ತಾದದ್ದು ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ. ಅದಕ್ಕೂ ಮೊದಲು ನಾನು ಸುಳ್ಳು ಹೇಳಿರಲಿಲ್ಲ ಎಂದಲ್ಲ. ಬ್ರಹ್ಮಾವರದಲ್ಲಿ ಮೂವತ್ತು ವರ್ಷ ಖಾಸಗಿ ಬಸ್ಸುಗಳ ಟೈಮ್ ಕೀಪರ್ ಆಗಿದ್ದವನು ಸತ್ಯವಂತನಾಗಿದ್ದೆ ಎಂದರೆ ಬಸ್ಸಿನ ಹಾರನ್ನೂ ನಗುತ್ತದೆ. ಆದರೆ ಅವೆಲ್ಲ ಒಂದು ನಿಮಿಷ, ಎರಡು ನಿಮಿಷದ ಸುಳ್ಳುಗಳು. ಹಿಂದಿನ ಬಸ್ಸು ಬಂದು ನಿಲ್ಲುವಷ್ಟರಲ್ಲಿ ಅವುಗಳ ಆಯುಷ್ಯ ಮುಗಿದಿರುತ್ತಿತ್ತು. ತಲೆಯಾಡಿಸಿ ಹೇಳಿದ ಸುಳ್ಳು ಹಾಗಾಗಲಿಲ್ಲ. ಅದರ ಮೇಲೆ ಒಂಬತ್ತು ಅಂತಸ್ತು ಏಳುವುದರಲ್ಲಿತ್ತು.

ನಮ್ಮದು ಕುಂದಾಪುರ ಪೇಟೆಯಿಂದ ಸ್ವಲ್ಪ ಒಳಗಿರುವ ಅಡ್ಡದಾರಿ. ನನ್ನ ಮನೆಯ ಎದುರು ಶಾರದಕ್ಕನ ಮನೆ. ಅವರ ಗಂಡ ನಾಗಣ್ಣ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅಂದಿನಿಂದ ಶಾರದಕ್ಕ ಹಪ್ಪಳ ಮಾಡಿ ಬದುಕುತ್ತಿದ್ದಾರೆ. ಬೇಸಗೆಯಲ್ಲಿ ಅವರ ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಹಲಸಿನ ಹಪ್ಪಳ. ಹಲಸು ಎಲ್ಲಿಯೂ ಸಿಗುತ್ತದೆ, ಲಟ್ಟಿಸುವ ಕೈ ಅವರದ್ದೇ. ಅವರು ಹಂಗಿನಲ್ಲಿರುವುದು ಬಿಸಿಲಿಗೆ ಮಾತ್ರ. ಹಪ್ಪಳ ಮಾಡುವವರನ್ನು ಕೇಳಿ ನೋಡಿ: ಬೆಳಗಿನ ಬಿಸಿಲು ಹಸಿ ಆರಿಸುತ್ತದೆ, ಮಧ್ಯಾಹ್ನದ ಬಿಸಿಲು ಗರಿಗರಿ ಮಾಡುತ್ತದೆ. ಆ ಎರಡನೆಯದು ತಪ್ಪಿದ ಹಪ್ಪಳಕ್ಕೆ ಮಳೆಗಾಲ ಬರುವ ಮೊದಲೇ ಬೂಸ್ಟು ಹಿಡಿಯುತ್ತದೆ.

ಆ ಮಧ್ಯಾಹ್ನದ ಬಿಸಿಲು ಬರುವ ಪಡುದಿಕ್ಕಿಗೇ ಒಂದು ಖಾಲಿ ಹಿತ್ತಲು. ಬೈಂದೂರು ಕಡೆಯ ಧಣಿಗಳೊಬ್ಬರು, ಮುಂಬೈಯಲ್ಲಿ ಹೋಟೆಲು ನಡೆಸಿ ಬಂದವರು, ಅದನ್ನು ಕೊಂಡು ಒಂಬತ್ತು ಅಂತಸ್ತಿನ ಫ್ಲ್ಯಾಟಿಗೆ ಅರ್ಜಿ ಹಾಕಿದರು. ಅಷ್ಟು ಎತ್ತರ ಕಟ್ಟಬೇಕಾದರೆ ಎದುರಿನ ದಾರಿ ಒಂಬತ್ತು ಮೀಟರ್ ಅಗಲ ಇರಬೇಕಂತೆ. ನಮ್ಮ ದಾರಿ ಉಳಿದೆಲ್ಲ ಕಡೆ ಅಷ್ಟಿದೆ. ಶಾರದಕ್ಕನ ಮನೆಯೆದುರು ಮಾತ್ರ, ಅಲ್ಲಿರುವ ತೋಡನ್ನು ಸೇರಿಸಿದರೆ ಒಂಬತ್ತು, ಬಿಟ್ಟರೆ ಎಂಟು. ಹೀಗಾಗಿ ಮಳೆನೀರು ಹೋಗುವ ಒಂದು ಮೀಟರ್ ಅಗಲದ ತೋಡು ಯಾರದ್ದು ಎಂಬ ಪ್ರಶ್ನೆಗೆ ಒಮ್ಮೆಲೇ ಭಾರೀ ಬೆಲೆ ಬಂತು. ತೋಡು ದಾರಿಯದ್ದಾದರೆ ಒಂಬತ್ತು ಅಂತಸ್ತು. ಶಾರದಕ್ಕನದ್ದಾದರೆ ಅವರ ಅಂಗಳದ ಬಿಸಿಲು.

ತೋಡು ಶಾರದಕ್ಕನದ್ದೇ ಎಂದು ಲೋಕದಲ್ಲಿ ನಿಶ್ಚಯವಾಗಿ ಬಲ್ಲ ಹೊರಗಿನವನು ಒಬ್ಬನೇ. ಅವನು ನಾನು.

ಅದು ಆದದ್ದು ಹೀಗೆ. ನನ್ನ ಮನೆ ತಗ್ಗಿನಲ್ಲಿದೆ. ಮೊದಲೆಲ್ಲ ಆಷಾಢದ ಮಳೆಗೆ ಮೇಲಿನ ನೀರು ದಾರಿಯಲ್ಲೇ ಹರಿದು ಬಂದು ನನ್ನ ಅಡುಗೆಮನೆಗೆ ನುಗ್ಗುತ್ತಿತ್ತು. ಒಂದು ವರ್ಷ ನನ್ನ ಹೆಂಡತಿ ಬಾಣಂತಿ. ಒಲೆಯ ಬುಡಕ್ಕೆ ನೀರು. ಮಳೆ ಬಿಟ್ಟು ಹೊಳವಾದ ದಿನ ನಾಗಣ್ಣ ಹಾರೆ ಹಿಡಿದು ಬಂದವರೇ ತಮ್ಮ ಅಂಗಳದ ಸುತ್ತಿನ ಪಾಗಾರದ ಕಲ್ಲು ಕೀಳತೊಡಗಿದರು. "ಎಂತ ಮಾಡ್ತ್ರಿ ನಾಗಣ್ಣ?" ಎಂದು ನಾನು ಓಡಿದೆ. "ಎಂತದೂ ಇಲ್ಲೆ ಮಾರಾಯ, ಪಾಗಾರ ಒಂದ್ ಗಜ ಒಳ್ಗ್ ಹೋಯ್ಲಿ. ನೀರಿಗೊಂದ್ ದಾರಿ ಬೇಕಲ್ದಾ? ಅದ್ಕೆ ನಿನ್ ಅಡ್ಗಿಮನಿಯೇ ಆಯ್ಕಾ?" ಎಂದರು. ಒಂದು ವಾರ ಇಬ್ಬರೂ ಸೇರಿ ಅಗೆದೆವು. ಕಾಗದವಿಲ್ಲ, ಪತ್ರವಿಲ್ಲ. ನಮ್ಮ ಕಡೆ ನೀರಿಗೆ ಬಿಟ್ಟ ಜಾಗಕ್ಕೆ ಕಾಗದ ಮಾಡುವುದೆಂದರೆ ಬಾಯಾರಿ ಬಂದವರಿಗೆ ನೀರು ಬೆಲ್ಲ ಕೊಟ್ಟು ರಸೀದಿ ಹರಿದ ಹಾಗೆ. ಅಂದಿನಿಂದ ಮಳೆಗಾಲಕ್ಕೆ ಮೊದಲು ಅವರ ಮನೆಯಿಂದ ಒಬ್ಬರು, ನನ್ನ ಮನೆಯಿಂದ ಒಬ್ಬರು ತೋಡಿನ ಹೂಳು ತೆಗೆಯುತ್ತ ಬಂದೆವು. ತೋಡು ಯಾರದ್ದೆಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಇನ್ನು ತಪ್ಪೊಪ್ಪಿಗೆ.

ಅಳತೆಯವರು ಬಂದದ್ದು ಸಂಕಷ್ಟಿಯ ದಿನ. ಶಾರದಕ್ಕ ಕುಂಭಾಶಿಗೆ ದೇವರ ದರ್ಶನಕ್ಕೆ ಹೋಗಿದ್ದರು. ಧಣಿಗಳ ಮ್ಯಾನೇಜರ್ ಸೀದಾ ನನ್ನ ಜಗಲಿಗೆ ಬಂದು, "ಹ್ವಾಯ್, ನೀವ್ ಬರ್ದೆ ಅಳ್ತೆ ಶುರು ಮಾಡುಕಿಲ್ಲೆ ಅಂದೇಳಿ ಧಣಿಗಳ ಮಾತ್. ಈ ದಾರಿಗ್ ಹಿರಿಯರ್ ನೀವೇ ಅಂಬ್ರ್" ಎಂದ. ನೀವು ನನ್ನನ್ನು ನಂಬಬೇಕು: ನಾನು ಕರಗಿದ್ದು ಇಷ್ಟಕ್ಕೇ. ಹತ್ತನೆಯ ತರಗತಿಯನ್ನು ಎರಡನೆಯ ಪ್ರಯತ್ನದಲ್ಲಿ ದಾಟಿ, ಮೂವತ್ತು ವರ್ಷ ಡ್ರೈವರುಗಳಿಂದ ಬೈಸಿಕೊಂಡು, ನಿವೃತ್ತಿಯಾದ ಮೇಲೆ ಮನೆಯಲ್ಲಿ ತರಕಾರಿಯ ವಿಷಯದಲ್ಲೂ ಯಾರೂ ಅಭಿಪ್ರಾಯ ಕೇಳದ ಮನುಷ್ಯನಿಗೆ, ಇಸ್ತ್ರಿ ಹಾಕಿದ ಅಂಗಿಯವನೊಬ್ಬ "ನೀವು ಬಾರದೆ ಆಗುವುದಿಲ್ಲ" ಎಂದರೆ ಏನಾಗುತ್ತದೆಂದು ನನ್ನ ಪ್ರಾಯಕ್ಕೆ ಬಂದವರಿಗೆ ಗೊತ್ತು. ನಾನು ಶಾಲು ಹಾಕಿಕೊಂಡು ಹೊರಟೆ. ಅಳತೆಗೆ ಶಾಲು!

ಟೇಪು ಎಳೆದ ಸರ್ವೆಯವರು ತೋಡಿನ ಹತ್ತಿರ ನಿಂತರು. "ಹಳೇ ನಕ್ಷೆಯಲ್ಲಿ ಈ ಗೆರೆ ಸರಿ ಕಾಣುವುದಿಲ್ಲ. ಈ ತೋಡು ದಾರಿಗೆ ಸೇರಿದ್ದೋ?"

ಮ್ಯಾನೇಜರ್ ನನ್ನ ಮುಖ ನೋಡಿದ. "ನಮ್ ಹಿರಿಯರ್ ಹೇಳ್ಲಿ. ಅವ್ರ್ ಹೇಳಿದ್ ಮೇಲ್ ಮುಗೀತ್."

ನಾಲ್ಕು ಜನ ನನ್ನ ಮಾತಿಗೆ ಕಾದು ನಿಂತಿದ್ದರು. ಅಲ್ಲ ಎಂದರೆ ಕತೆ ಹೇಳಬೇಕು, ಅವರ ಮುಖ ಸಣ್ಣದಾಗುವುದನ್ನು ನೋಡಬೇಕು. ನಾನು ತಲೆಯಾಡಿಸಿದೆ. ಮಹಜರಿನ ಕೆಳಗೆ, ಬಾಣ ಹಾಕಿ ತೋರಿಸಿದ ಕಡೆ, ಸಹಿಯನ್ನೂ ಮಾಡಿದೆ.

ಸಾಲಿಗ್ರಾಮದ ಕಡೆ ತಾಳಮದ್ದಲೆ ಕೇಳಿ ಬೆಳೆದವನು ನಾನು. ಅಲ್ಲಿ ಎಂಥ ಕೆಟ್ಟ ಪಾತ್ರಕ್ಕೂ ಸಮರ್ಥನೆ ಉಂಟು. ಪಾತ್ರದ ಪರವಾಗಿ ಮಾತಾಡಲು ಒಳ್ಳೆಯ ಅರ್ಥಧಾರಿ ಕೂತರೆ ಸೀರೆ ಎಳೆದವನದ್ದೂ ಒಂದು ನ್ಯಾಯ ಅನಿಸಿಬಿಡುತ್ತದೆ. ನಾನೂ ಮೂರು ದಿನ ನನ್ನ ಪಾತ್ರಕ್ಕೆ ಅರ್ಥ ಹೇಳಿಕೊಂಡೆ. ಊರು ಬೆಳೆಯಬೇಡವೇ? ತೋಡಿನಲ್ಲಿ ಎಲ್ಲರ ನೀರೂ ಹರಿಯುವಾಗ ಅದು ಎಲ್ಲರದ್ದಲ್ಲವೇ? ನಾನು ಬಾಯಿಬಿಟ್ಟು ಏನು ಹೇಳಿದ್ದೇನೆ? ಅರ್ಥಗಾರಿಕೆ ಚೆನ್ನಾಗಿಯೇ ಇತ್ತು. ಒಂದೇ ಕೊರತೆ, ಕೇಳುವವನೂ ನಾನೇ ಆಗಿದ್ದೆ. ಅವನಿಗೆ ಕತೆ ಮೊದಲೇ ಗೊತ್ತಿತ್ತು.

ನಾಲ್ಕನೆಯ ದಿನ ಶಾರದಕ್ಕ ಬಂದರು. ಸೆರಗಿನಲ್ಲಿ ಹಿಟ್ಟು, ಕೈಯಲ್ಲಿ ಕಾಗದ.

"ಮಾಬ್ಲಣ್ಣ, ನಾನ್ ತಕರಾರ್ ಅರ್ಜಿ ಕೊಟ್ಟಿದೆ. ಆ ತೋಡ್ ನಮ್ ಜಾಗ ಅಂದೇಳಿ ಬರ್ಸಿದೆ. ಸಾಕ್ಷಿ ಯಾರ್ ಅಂದ್ ಕೇಂಡ್ರ್. ನಿಮ್ ಹೆಸ್ರ್ ಹೇಳಿದೆ."

"ನನ್ ಹೆಸ್ರಾ?"

"ಮತ್ಯಾರ್ದ್? ನಮ್ಮನಿಯವ್ರ್ ಬಿಟ್ರೆ ಹಾರೆ ಹಿಡ್ದದ್ ನೀವೇ ಅಲ್ದಾ? ಸೋಮವಾರ ವಿಚಾರಣಿ. ಎಂತ, ಮೋರಿ ಹೀಂಗ್ ಮಾಡ್ಕಂಡ್ರಿ? ಬಪ್ಪುಕಾತ್ತಿಲ್ಯಾ?"

"ಬತ್ತೆ" ಎಂದೆ.

ಸೋಮವಾರದವರೆಗಿನ ಐದು ದಿನಗಳನ್ನು ನಾನು ಹೇಗೆ ಕಳೆದೆನೆಂದು ಕೇಳಬೇಡಿ. ಅಂಗಡಿಗೆ ಹೋದರೆ, "ಶಾರದಕ್ಕನ ಹಪ್ಪಳಕ್ಕೆ ಬೇಕಾಯ್ ಊರ್ ಮುಂದ್ ಬಪ್ಪುದ್ ಬ್ಯಾಡ್ದಾ?" ಎಂದು ಒಬ್ಬರು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಆ ವಾರ ಇಡೀ ದಾರಿಯೇ ನನ್ನ ಅಭಿಪ್ರಾಯಕ್ಕೆ ಕಾದಿತ್ತು. ಎಷ್ಟೋ ವರ್ಷ ಬಯಸಿದ್ದ ಗೌರವ. ಬಂದಾಗ ಹೊದ್ದುಕೊಳ್ಳಲೂ ಆಗದು, ಮಡಚಿಡಲೂ ಆಗದು. ಶಾರದಕ್ಕನಿಗೆ ಮೊದಲೇ ಹೇಳಿಬಿಡೋಣವೆಂದು ಎರಡು ಸಲ ಚಪ್ಪಲಿ ಮೆಟ್ಟಿದೆ. ತೋಡಿನ ಮೇಲಿನ ಕಲ್ಲುಹಾಸಿನವರೆಗೆ ಹೋಗಿ ತಿರುಗಿ ಬಂದೆ.

ವಿಚಾರಣೆಯ ಕೋಣೆ ಸಣ್ಣದು. ಮೇಜಿನ ಆಚೆ ಅಧಿಕಾರಿ, ಈಚೆ ಒಂದು ಬದಿಗೆ ಮ್ಯಾನೇಜರ್, ಇನ್ನೊಂದು ಬದಿಗೆ ಶಾರದಕ್ಕ. ಅವರ ಹಿಂದೆ ನಾನು. ಶಾರದಕ್ಕ ತೋಡಿನ ಕತೆಯನ್ನು ನೆಟ್ಟಗೆ ಹೇಳಿದರು. ಕೊನೆಗೆ, "ಇವ್ರ್ ಎಲ್ಲಾ ಕಂಡದ್. ಇವ್ರನ್ನೇ ಕೇಣಿ" ಎಂದು ನನ್ನ ಕಡೆ ಕೈ ತೋರಿಸಿದರು.

ಅಧಿಕಾರಿ ನನ್ನ ಹೆಸರು ಕೇಳಿ, ಕಡತದ ಹಾಳೆ ತಿರುವಿ, ಹುಬ್ಬು ಗಂಟಿಕ್ಕಿದರು. "ತೋಡು ಸಾರ್ವಜನಿಕ ದಾರಿಗೆ ಸೇರಿದ್ದು ಎಂದು ಮಹಜರಿನಲ್ಲಿ ನೀವೇ ಸಹಿ ಹಾಕಿದ್ದೀರಲ್ಲ?"

ಶಾರದಕ್ಕ ಎದ್ದು ಮೇಜಿನ ಮೇಲೆ ಬಾಗಿ ಆ ಹಾಳೆಯನ್ನು ನೋಡಿದರು. ಆಮೇಲೆ ಅವರು ಹೇಳಿದ ಮಾತನ್ನು ನಾನು ಸಾಯುವತನಕ ಮರೆಯಲಾರೆ.

"ಇದ್ ಇವ್ರ್ ಸೈ ಅಲ್ಲ ಸ್ವಾಮಿ. ಮಾಬ್ಲಣ್ಣ ಹಾಂಗ್ ಮಾಡೂರಲ್ಲ. ಯಾರೋ ಸುಳ್ ಸೈ ಹಾಕಿರ್."

ಮ್ಯಾನೇಜರಿನ ಮುಖ ಕೆಂಪಾಯಿತು. "ಎಂತ ಮಾತ್ ಅಂದೇಳಿ ಆಡ್ತ್ರಿ ಶಾರದಕ್ಕ? ನನ್ ಎದ್ರೇ ಹಾಕದ್. ಹ್ವಾಯ್, ನೀವಾರೂ ಹೇಳಿ ಮಾರಾಯ್ರೆ!"

ಅಧಿಕಾರಿ ನನ್ನನ್ನು ನೋಡುತ್ತ ಪೆನ್ನು ಕೆಳಗಿಟ್ಟರು. "ಸಹಿ ನಿಮ್ಮದೋ, ಅಲ್ಲವೋ? ಅಲ್ಲವಾದರೆ ಇದು ಪೊಲೀಸರಿಗೆ ಹೋಗುವ ವಿಷಯ."

ನೋಡಿ, ನನ್ನ ಮುಂದೆ ಬಾಗಿಲು ಹೇಗೆ ತೆರೆಯಿತು! ನನ್ನದಲ್ಲ ಎಂದರೆ ಶಾರದಕ್ಕನ ಬಿಸಿಲೂ ಉಳಿಯುತ್ತದೆ, ನನ್ನ ಮಾನವೂ ಉಳಿಯುತ್ತದೆ. ಹೋಗುವುದು ಮ್ಯಾನೇಜರಿನದ್ದು, ಸರ್ವೆಯವರದ್ದು. ಅವರೇನು ನನ್ನ ನೆಂಟರೇ? ತಲೆಯನ್ನು ಅಡ್ಡಡ್ಡ ಆಡಿಸಿದರೆ ಸಾಕಿತ್ತು. ಕುತ್ತಿಗೆ ಅದಕ್ಕೆ ತಯಾರಾದದ್ದೂ ನನಗೆ ತಿಳಿಯಿತು. ಆಗಲೇ ಶಾರದಕ್ಕ ನನ್ನ ಕಡೆ ತಿರುಗಿ, ಹೆದರಬೇಡಿ ಎಂಬಂತೆ ಕಣ್ಣಲ್ಲೇ ಧೈರ್ಯ ಹೇಳಿದರು. ನನ್ನಿಂದ ಅದನ್ನು ತಾಳಲಾಗಲಿಲ್ಲ.

"ಸೈ ನಂದೇ" ಎಂದೆ. "ಆದ್ರೆ ಅದ್ರಗೆ ಬರ್ದದ್ ಸುಳ್. ತೋಡ್ ನಾಗಣ್ಣಂದ್. ನನ್ ಮನಿಗ್ ನೀರ್ ಬತ್ತ್ ಅಂದೇಳಿ ಅವ್ರ್ ತಮ್ ಜಾಗ ಬಿಟ್ಟದ್. ಅಗ್ದವ ನಾನೇ. ಗೊತ್ತಿದ್ದೇ ಸೈ ಹಾಕಿದೆ."

"ಯಾಕೆ?" ಎಂದರು ಅಧಿಕಾರಿ.

"ಇವ್ರ್ ನಂಗೆ ಹಿರಿಯರ್ ಅಂದ್ರ್" ಎಂದೆ. ಕೋಣೆಯಲ್ಲಿ ಯಾರೋ ನಕ್ಕರು. ನಗುವಂಥದ್ದೇ.

ಶಾರದಕ್ಕ ನಗಲಿಲ್ಲ. ಬೈಯಲೂ ಇಲ್ಲ. ಮೆಲ್ಲಗೆ ಕುರ್ಚಿಯಲ್ಲಿ ಕೂತರು. ನನ್ನ ಕಡೆ ಮತ್ತೆ ತಿರುಗಲಿಲ್ಲ.

ಶಾರದಕ್ಕನ ಮೂಲಪತ್ರ ನೋಡಿ, ತೋಡನ್ನು ಬಿಟ್ಟು ಹೊಸದಾಗಿ ಅಳತೆಯಾಗಬೇಕು, ಅಲ್ಲಿಯವರೆಗೆ ಒಂಬತ್ತು ಅಂತಸ್ತಿನ ನಕ್ಷೆಗೆ ಒಪ್ಪಿಗೆ ಇಲ್ಲ ಎಂದು ಅಧಿಕಾರಿ ಬರೆಸಿದರು. ಮ್ಯಾನೇಜರ್ ನನ್ನ ಪಕ್ಕದಿಂದಲೇ ಹೊರಗೆ ಹೋದ. ಈ ಸಲ ನಾನು ಅವನ ಕಣ್ಣಿಗೆ ಬೀಳಲಿಲ್ಲ. ನನ್ನ ಹೇಳಿಕೆಯನ್ನು ಬರೆದು ಕೊಡಬೇಕೆಂದು ಗುಮಾಸ್ತರು ಒಂದು ಅಚ್ಚಾದ ಹಾಳೆ ಕೊಟ್ಟರು.

ಹೊರಗಿನ ಬೆಂಚಿನ ಒಂದು ತುದಿಯಲ್ಲಿ ಶಾರದಕ್ಕ ಕೂತಿದ್ದರು. ಬೇರೆ ಬೆಂಚಿರಲಿಲ್ಲ. ನಾನು ಇನ್ನೊಂದು ತುದಿಗೆ ಕೂತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆದೆ. ಹೆಸರು, ವಯಸ್ಸು, ನಡೆದದ್ದು, ಎಲ್ಲವೂ ಮುಗಿಯಿತು. ಕೊನೆಯಲ್ಲಿ ಒಂದು ಗೆರೆ ಉಳಿಯಿತು: ಅರ್ಜಿದಾರರಿಗೂ ನಿಮಗೂ ಇರುವ ಸಂಬಂಧ. ಪೆನ್ನು ಅಲ್ಲಿಯೇ ನಿಂತಿತು. ಹತ್ತು ದಿನದ ಹಿಂದಾದರೆ ಯೋಚಿಸದೆ ತುಂಬುತ್ತಿದ್ದೆ.

"ಶಾರದಕ್ಕ" ಎಂದೆ. "ಇಲ್ಲ್ ಸಂಬಂಧ ಎಂತ ಅಂದೇಳಿ ಕೇಂತಿದ್ರ್. ಎಂತ ಬರೀಲಿ?"

ಅವರು ರಸ್ತೆಯ ಕಡೆ ಮುಖ ತಿರುಗಿಸಿದರು.

"ನೆರೆಮನಿ ಅಂದ್ ಬರೀರಿ" ಎಂದರು ಅತ್ತಲೇ ನೋಡುತ್ತ. "ಅಲ್ಲ ಅಂಬುಕೆ ಆತ್ತಾ? ನಿಮ್ ಮನಿ ನೀವ್ ಹೊತ್ಕಂಡ್ ಹೋಪುಕಾತ್ತಿಲ್ಲೆ, ನನ್ ಮನಿ ನಾನೂ ಹೊತ್ಕಂಡ್ ಹೋಪುಕಾತ್ತಿಲ್ಲೆ." ಆಮೇಲೆ, "ಬೇರೆ ಎಂತದೂ ಬರೂದ್ ಬ್ಯಾಡ. ಅದ್ ನಿಮ್ ನನ್ ಮಧ್ಯ ಇಪ್ಪುದ್. ಅದ್ಕೆ ದಿನ ಹಿಡೀತ್" ಎಂದು ಕೊಡೆ ಹಿಡಿದುಕೊಂಡು ಎದ್ದರು.

ಹಾಗೆಯೇ ಬರೆದೆ. ಎದುರು ಬದುರು ಮನೆ ಇರುವವರಿಗೆ ಒಂದು ಶಿಕ್ಷೆ ಉಂಟು, ಅಥವಾ ಅನುಕೂಲ ಎನ್ನಿ: ಬೆಳಿಗ್ಗೆ ಬಾಗಿಲು ತೆರೆದರೆ ಮೊದಲು ಕಾಣುವುದೇ, ಯಾರಿಗೆ ತಪ್ಪು ಮಾಡಿದ್ದೇವೋ ಅವರ ಮುಖ. ನನಗೆ ಇನ್ನೆಷ್ಟು ಬೆಳಗು ಉಳಿದಿದೆಯೋ ಗೊತ್ತಿಲ್ಲ. ಉಳಿದಷ್ಟೂ ದಿನ ಹಿಂಬಾಗಿಲಿನಿಂದ ಓಡಾಡುವುದಿಲ್ಲ ಎಂದು ಮಾತ್ರ ನಿಶ್ಚಯಿಸಿದ್ದೇನೆ.