ಕೂಸಿನ ಬಟ್ಟೆಯ ಗೊಂಬೆ

ಆ ಪುಸ್ತಕ ನಮ್ಮ ಮನೆಗೆ ಬಂದದ್ದು ಅವರೆಕಾಯಿ ಕಾಲದಲ್ಲಿ. ಬೆಂಗಳೂರಿನಲ್ಲಿರುವ ನನ್ನ ಅಣ್ಣ ಹಳೆಯ ಪುಸ್ತಕದಂಗಡಿಯಿಂದ ತಂದುಕೊಟ್ಟಿದ್ದ. ಹೊದಿಕೆ ಕಿತ್ತುಹೋಗಿತ್ತು, ಕೊನೆಯ ಹಾಳೆಗಳ ಮೂಲೆಯನ್ನು ಇಲಿ ತಿಂದಿತ್ತು. ಯಾವುದೋ ದೂರದೇಶದ ಕಥೆ. ಅಲ್ಲಿ ಅಜ್ಜಿಯರು ಓದಿದ್ದನ್ನೇ ಮೊಮ್ಮಕ್ಕಳೂ ಓದುತ್ತ ಬಂದಿದ್ದಾರಂತೆ. ಯಾರೋ ಪುಣ್ಯಾತ್ಮರು ಕನ್ನಡಕ್ಕೆ ತಂದಿದ್ದರು. ಕಥೆಯಲ್ಲಿ ಒಬ್ಬಳು ಎಳೆಯ ಮಾಟಗಾತಿ. ಮಾಟ ಕಲಿತವರು ಕೇಡನ್ನೇ ಮಾಡಬೇಕೆಂದು ದೊಡ್ಡವರೆಲ್ಲ ಬೈದರೂ ಇವಳ ಮನಸ್ಸು ಒಪ್ಪುವುದಿಲ್ಲ. ಕಷ್ಟದಲ್ಲಿದ್ದವರ ಮನೆಗೆ ಸದ್ದಿಲ್ಲದೆ ಹೋಗಿ, ಒಳ್ಳೆಯದು ಮಾಡಿ, ಹೇಳದೆ ಬಂದುಬಿಡುತ್ತಾಳೆ.

ನಮ್ಮದು ಹೊಸೂರಿನಾಚೆ, ಡೆಂಕಣಿಕೋಟೆ ರಸ್ತೆಯ ಒಂದು ಹಳ್ಳಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು. ಮಗಳಿಗೆ ಕನ್ನಡದ ಅಕ್ಷರ ಕಲಿಸಿದವಳು ನಾನೇ. ಅವಳು ಶಾಲೆಯಿಂದ ಬಂದು ಕೈಕಾಲು ತೊಳೆದುಕೊಂಡು ಹಜಾರದಲ್ಲಿ ಕೂತು ಪುಸ್ತಕ ಓದುವಳು, ನಾನು ಎದುರಿಗೆ ಅವರೆಕಾಯಿ ಸುಲಿಯುವೆ. ತಡವರಿಸಿದ ಕಡೆ ಹೇಳಿಕೊಡುವೆ. ಹೀಗೆ ದಿನಕ್ಕೆ ಒಂದೋ ಎರಡೋ ಹಾಳೆ.

"ಅಮ್ಮ, ನಮ್ಮೂರಾಗೂ ಮಾಟಗಾತೀರು ಅವ್ರಾ?" ಎಂದು ಒಂದು ದಿನ ಕೇಳಿದಳು.

"ಮೆಲ್ಲಗೆ ಮಾತಾಡೇ," ಎಂದೆ. ನನಗೆ ಅರಿವಿಲ್ಲದೆಯೇ ಬಾಗಿಲ ಕಡೆ ನೋಡಿದ್ದೆ.

ಪುಸ್ತಕದೊಳಗೆ ಆ ಮಾತು ಎಷ್ಟು ಸಲ ಬಂದರೂ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಬೀದಿಯಲ್ಲಿ ಅದನ್ನು ಬಾಯಿಬಿಟ್ಟು ಆಡುವಂತಿಲ್ಲ. ನನ್ನ ತವರಿನಲ್ಲಿ, ನಾನು ಲಂಗ ಉಡುವ ವಯಸ್ಸಿನಲ್ಲಿ, ಒಬ್ಬ ಹೆಂಗಸಿನ ಮೇಲೆ ಆ ಮಾತು ಬಿತ್ತು. ಮಾಟ ಮಾಡಿದವಳ ಹಲ್ಲು ಉದುರಿಸಿದರೆ ಮಂತ್ರ ಬಾಯಲ್ಲಿ ನಿಲ್ಲುವುದಿಲ್ಲ ಎಂಬುದು ಜನರ ನಂಬಿಕೆ. ಆಮೇಲೆ ಆಕೆ ಸಾಯುವ ತನಕ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ನೀರಿಗೆ ಬರುತ್ತಿದ್ದಳು. ಇದನ್ನು ಮಗಳಿಗೆ ಹೇಳಲಿಲ್ಲ. ಮಕ್ಕಳಿಗೆ ಹೇಳುವ ಮಾತಲ್ಲ ಅದು.

ಆಗ ಎದುರುಮನೆಯ ಮಗಳು ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಗಂಡನ ಮನೆ ಕೃಷ್ಣಗಿರಿ. ಕೂಸಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಸಂಜೆಯಾದರೆ ಒಂದೇ ಸಮನೆ ಅಳು. ಮೊಲೆ ಕೊಟ್ಟರೆ ಹಿಡಿಯದು, ತೊಟ್ಟಿಲಿಗೆ ಹಾಕಿದರೆ ಮಲಗದು. ಬಾಣಂತಿಯ ತಾಯಿ ಗೇಟಿನ ಹತ್ತಿರ ಬಂದು ನನ್ನೊಡನೆ ಹೇಳಿಕೊಳ್ಳುವಳು: "ಬೀಗ್ರು ಬತ್ತಾರೆ ಕಣಕ್ಕ, ಮಗ ಬಡಕಲಾಗೈತೆ ಅಂದ್ರೆ ಯಾವ ಮುಖ ಇಟ್ಕಂಡು ಜವಾಬು ಹೇಳ್ಲಿ?" ನನ್ನ ಮಗಳು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಆ ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದವಳು ಹುಣಸೆಮರದ ಹತ್ತಿರದ ಅಜ್ಜಿ. ನಮ್ಮ ಬೀದಿಯ ಮುಕ್ಕಾಲು ಪಾಲು ಮಕ್ಕಳು ಆಕೆಯ ಕಾಲಿನ ಮೇಲೆ ಮಲಗಿ ನೀರು ಹಾಕಿಸಿಕೊಂಡವರೇ. ನನ್ನ ಮಗಳೂ ಕೂಡ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿಲ್ಲ. ಬೆಳಿಗ್ಗೆ ಎರಡು ಮೂರು ಬಾಣಂತಿ ಮನೆ, ಅಲ್ಲಿ ಕೊಟ್ಟ ಮುದ್ದೆ ಸಾರು, ಅದೇ ಆಕೆಯ ಬದುಕು.

ಒಂದು ಬೆಳಿಗ್ಗೆ ಮಗಳನ್ನು ಶಾಲೆಯ ವ್ಯಾನಿಗೆ ಹತ್ತಿಸಿ ಬಂದು ಪಾತ್ರೆ ಬೆಳಗುತ್ತಿದ್ದೆ. ಎದುರುಮನೆಯಿಂದ ಚೀರಾಟ ಕೇಳಿಸಿತು. ಕೂಸಿಗೆ ಏನೋ ಆಯಿತೆಂದು ಬೂದಿಗೈಯಲ್ಲೇ ಓಡಿದೆ.

ಬಾಣಂತಿ ಕೋಣೆಯ ಕಿಟಕಿಯ ಮೇಲೆ ಒಂದು ಗೊಂಬೆ ಇತ್ತು. ರಾಗಿ ಹುಲ್ಲಿನ ಮೈ. ಅದರ ಮೇಲೆ ಮೆತ್ತನೆಯ ಹಳೇ ಬಟ್ಟೆಯ ಅಂಗಿ. ಹಿಂದಿನ ದಿನ ಹಗ್ಗದ ಮೇಲಿಂದ ಕಾಣೆಯಾಗಿದ್ದ ಕೂಸಿನ ಬಟ್ಟೆಯೇ ಅದು. ಕಣ್ಣಿಗೆ ಎರಡು ಮೆಣಸಿನಕಾಳು, ಸೊಂಟಕ್ಕೆ ಕರಿದಾರ, ಕೆನ್ನೆಗೆ ಕಾಡಿಗೆ. ಹೊಟ್ಟೆಯಲ್ಲಿ ಒಂದು ಸೂಜಿ ನೆಟ್ಟಗೆ ನಾಟಿಕೊಂಡಿತ್ತು.

ನಮ್ಮ ಕಡೆ ಹೊತ್ತು ಮುಳುಗುವ ಮುಂಚೆ ಕೂಸಿನ ಬಟ್ಟೆ ಒಳಗೆ ತರುತ್ತಾರೆ. ಮೈಗೆ ತಾಗಿದ ಬಟ್ಟೆ ಬೇರೆಯವರ ಕೈಗೆ ಸಿಕ್ಕರೆ ಕೂಸಿನ ಉಸಿರೇ ಸಿಕ್ಕಂತೆ. ಹಾಗಿರುವಾಗ ಆ ಗೊಂಬೆ ನೋಡಿದವರಿಗೆ ಇನ್ನೇನು ಹೇಳಬೇಕು? ಬಾಣಂತಿಯ ತಾಯಿ ನೆಲದ ಮೇಲೆ ಕೂತು ಎದೆ ಬಡಿದುಕೊಳ್ಳುತ್ತಿದ್ದಳು. "ಯಾವಳ ಕಣ್ಣಿಗೆ ಬಿದ್ಯೋ ನನ್ನಪ್ಪಾ!"

ಅಂಗಿಯ ಅಂಚಿಗೆ ಕೆಂಪು ದಾರದಲ್ಲಿ ಸರಪಳಿ ಹೊಲಿಗೆ ಹಾಕಿತ್ತು. ಮೂರನೆಯದೋ ನಾಲ್ಕನೆಯದೋ ಕೊಂಡಿಯಲ್ಲಿ ದಾರ ತಿರುಚಿಕೊಂಡು ಗಂಟಾಗಿತ್ತು. ಆ ಹೊಲಿಗೆ ನಾನು ಕಲಿಸಿದ್ದು. ಆ ಗಂಟು ಯಾರದ್ದೆಂದೂ ನನಗೆ ಗೊತ್ತು. ಕೈಯ ಬೂದಿ ಒಣಗಿ ಬಿರಿಯುತ್ತಿತ್ತು.

ಬಾಣಂತಿಯ ಅಣ್ಣ ಹೊಸೂರಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಆಗ ತಾನೇ ಬಂದಿದ್ದ. ಗೊಂಬೆಯ ಫೋಟೊ ತೆಗೆದು, ಜೂಜುವಾಡಿ ಆಚೆ ಕಣಿ ಹೇಳುವವನೊಬ್ಬನಿಗೆ ಮೊಬೈಲಿನಲ್ಲೇ ಕಳಿಸಿದ. ಸ್ವಲ್ಪ ಹೊತ್ತಿಗೆ ಅವನ ಧ್ವನಿ ಬಂತು, ಸ್ಪೀಕರಿನಲ್ಲಿ ಎಲ್ಲರೂ ಕೇಳಿದೆವು. "ದೂರದವರಲ್ಲ. ದಿನಾ ಮಗೂನ ಮುಟ್ಟೋ ಕೈ."

ಯಾರೂ ಹೆಸರು ಹೇಳಲಿಲ್ಲ. ಎಲ್ಲರ ಮುಖವೂ ಹುಣಸೆಮರದ ಕಡೆ ತಿರುಗಿತು.

"ಅಂಗೆಲ್ಲ ಅನ್ಕೋಬೇಡಪ್ಪ, ಆಯಮ್ಮ ನಿಂಗೂ ನೀರು ಹಾಕಿದ್ದೋಳು," ಎಂದು ಬಾಣಂತಿಯ ಅಣ್ಣನಿಗೆ ಹೇಳಿದೆ.

"ನೀ ಸುಮ್ಕಿರಕ್ಕ. ಮಾಡಿಲ್ಲ ಅಂದ್ರೆ ಸಾಯಂಕಾಲ ಮಾರಮ್ಮನ ಗುಡಿ ತಾವ ಸೂಡ ಆರ್ಸಿ ಸತ್ಯ ಮಾಡ್ಲಿ. ಮಾಡ್ದೆ ಇದ್ರೆ ಏನ್ ಮಾಡ್ಬೇಕೋ ನಮ್ಗೆ ಗೊತ್ತೈತೆ."

ಸೂಡ ಎಂದರೆ ಕರ್ಪೂರ. ದೇವರ ಮುಂದೆ ಹಚ್ಚಿ, ಉರಿಯನ್ನು ಬರಿಗೈಯಲ್ಲಿ ಒತ್ತಿ ಆರಿಸಿ ಆಣೆ ಇಡಬೇಕು. ಸುಳ್ಳಾಡಿದರೆ ವಂಶ ಉಳಿಯದು ಅನ್ನುತ್ತಾರೆ.

ಮನೆಗೆ ಬಂದು ಮಗಳ ಮಂಚದ ಕೆಳಗೆ ಬಗ್ಗಿ ನೋಡಿದೆ. ರಾಗಿ ಹುಲ್ಲಿನ ಚೂರು, ಕೆಂಪು ದಾರದ ತುಣುಕು. ಸೆರಗಿನಲ್ಲಿ ಬಳಿದುಕೊಂಡು ಒಲೆಗೆ ಹಾಕಿದೆ. ಮತ್ತೆ ಹೋಗಿ ಇನ್ನೊಂದು ಸಲ ಗುಡಿಸಿದೆ. ಯಜಮಾನರಿಗೆ ಫೋನು ಮಾಡಿದರೆ ಎತ್ತಲಿಲ್ಲ. ಅವರ ಕಾರ್ಖಾನೆಯಲ್ಲಿ ಒಳಗೆ ಹೋಗುವಾಗಲೇ ಮೊಬೈಲು ಬೀಗದಲ್ಲಿಟ್ಟು ಹೋಗಬೇಕು. ಒಲೆಯ ಮೇಲೆ ಹಾಲು ಸೀದು ವಾಸನೆ ಬರುವ ತನಕ ನನಗೆ ಎಚ್ಚರವಿರಲಿಲ್ಲ.

ನಿಜ ಹೇಳಿದರೆ ನನ್ನ ಹುಡುಗಿ ಮಾಟದ ಹುಡುಗಿ ಆಗುತ್ತಾಳೆ. ಆ ಹೆಸರು ಹತ್ತಿದ ಮೇಲೆ ಬಿಡುವುದಿಲ್ಲ, ಮದುವೆಯ ವಯಸ್ಸಿಗೂ ಜೊತೆಗೇ ಬರುತ್ತದೆ. ಹೇಳದಿದ್ದರೆ ಸಂಜೆಗೆ ಅಜ್ಜಿಯ ಗತಿ? ಸೆರಗಿನಿಂದ ಬಾಯಿ ಮುಚ್ಚಿಕೊಂಡ ತವರಿನ ಆ ಹೆಂಗಸು ನಡುಮನೆಯಲ್ಲೇ ಬಂದು ನಿಂತಂತಿತ್ತು.

ಮಧ್ಯಾಹ್ನ ಒಂದು ಮುದ್ದೆ, ಬಟ್ಟಲು ಸಾರು ತೆಗೆದುಕೊಂಡು ಅಜ್ಜಿಯ ಮನೆಗೆ ಹೋದೆ. ಬಾಗಿಲಲ್ಲೇ ಕೂತಿದ್ದಳು. ಆ ದಿನ ಯಾವ ಬಾಣಂತಿ ಮನೆಯವರೂ ಕರೆದಿರಲಿಲ್ಲ. ಎಣ್ಣೆ ಬಟ್ಟಲು ಪಕ್ಕದಲ್ಲಿ ಹಾಗೇ ಇತ್ತು.

"ನಾನು ಸೂಡ ಆರ್ಸಕ್ಕಿಲ್ಲ ಕಣವ್ವ," ಅಂದಳು, ನಾನು ಕೇಳುವ ಮುಂಚೆಯೇ. "ಕೈ ಸುಡ್ತದೆ ಅಂತಲ್ಲ. ಆಣೆ ಇಟ್ಟೋಳು ಅಂತ ಒಂದ್ಸಲ ಆಗೋದ್ರೆ, ನಾಳೆ ಯಾರು ಕೂಸು ಕೊಡ್ತಾರೆ ನನ್ ಕೈಗೆ? ಮಾಡಿದ್ಳೋ ಇಲ್ವೋ, ಆಣೆಗಂತೂ ನಿಂತಿದ್ಳು ಅಂತಾರೆ."

"ಆರ್ಸ್ದೆ ಇದ್ರೆ ಸುಮ್ನೆ ಬುಡ್ತಾರಾ ಅಜ್ಜಿ?"

"ಬುಡಾಕಿಲ್ಲ," ಅಂದಳು. ಮುದ್ದೆ ಮುರಿದಳು, ತಿನ್ನಲಿಲ್ಲ. ಮೊದಲು ಮಗಳ ಬಾಯಿಂದ ಕೇಳಬೇಕು, ಆಮೇಲೆ ನೋಡೋಣ ಎಂದುಕೊಂಡು ಎದ್ದು ಬಂದೆ.

ವ್ಯಾನು ಬಂತು. ಮಗಳು ಇಳಿದವಳೇ ಎದುರುಮನೆಯ ಕಿಟಕಿ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು: "ಪಾಪಂಗೆ ಇಷ್ಟ ಆಯ್ತಾ ಅಮ್ಮ?"

ಒಳಗೆ ಎಳೆದುಕೊಂಡು ಬಾಗಿಲು ಹಾಕಿದೆ. ಅವಳು ಹೆದರಲಿಲ್ಲ, ಸಂಭ್ರಮದಿಂದಲೇ ಹೇಳಿದಳು. ಕೂಸು ಅಳುತ್ತದೆ, ಅದಕ್ಕೆ ಜೊತೆಗಾರರಿಲ್ಲ. ತನ್ನದೇ ಬಟ್ಟೆಯ ವಾಸನೆ ಇದ್ದರೆ ಗೊಂಬೆಯನ್ನು ಬೇಗ ಒಗ್ಗಿಸಿಕೊಳ್ಳುತ್ತದೆ. ಕೂಸಿಗೆ ಉಡಿದಾರ ಇದೆಯಲ್ಲ, ಅದಕ್ಕೆ ಗೊಂಬೆಗೂ ಕರಿದಾರ. ದೃಷ್ಟಿಯಾಗಬಾರದೆಂದು ಕಾಡಿಗೆ. ಕಿಟಕಿಯಲ್ಲಿಟ್ಟು ಹೇಳದೆ ಬಂದದ್ದು, ಕಥೆಯಲ್ಲಿ ಹಾಗೇ ತಾನೇ ಮಾಡುವುದು?

"ಸೂಜಿ?" ಎಂದೆ.

ಅವಳ ಕೈ ಬಾಯಿಗೆ ಹೋಯಿತು. "ಅಯ್ಯೋ! ವ್ಯಾನು ಹಾರನ್ ಹೊಡೀತು ಅಂತ ಅಂಗೇ ಚುಚ್ಚಿ, ನೀನು ಈಚೆ ಬರೋ ಮುಂಚೆ ಓಡೋಗಿ ಇಟ್ಟೆ. ತೆಗ್ಯೋದು ಮರ್ತ್ಬುಟ್ಟೆ. ಬೈಬೇಡಮ್ಮ."

ಬೀದಿಯಲ್ಲಿ ಜನರ ಸದ್ದು ಕೇಳಿಸಿತು. ಅಜ್ಜಿಯನ್ನು ಕರೆದೊಯ್ಯುತ್ತಿದ್ದರು. ಮಗಳನ್ನು ಮನೆಯೊಳಗೆ ಕೂಡಿಹಾಕಿ ನಾನೊಬ್ಬಳೇ ಹೋಗೋಣ ಎಂದುಕೊಂಡೆ. ಆದರೆ ಚಿಲಕ ಹಾಕಿದ ಮನೆಯಲ್ಲಿ ಅವಳನ್ನು ಬಿಟ್ಟುಹೋಗಲು ಇನ್ನೂ ಹೆದರಿಕೆಯಾಯಿತು. ಶಾಲೆಯ ಉಡುಪಿನಲ್ಲೇ ಕೈ ಹಿಡಿದು ನಡೆದೆ.

ಬಿಸಿಲು ಇನ್ನೂ ಗುಡಿಯ ಕಟ್ಟೆಯ ಮೇಲಿತ್ತು. ಬಾಣಂತಿಯ ಅಣ್ಣ ಕರ್ಪೂರದ ಪೊಟ್ಟಣವನ್ನು ಪೂರ್ತಿ ಕಲ್ಲಿನ ಮೇಲೆ ಸುರಿದಿದ್ದ. ಆಣೆಗೆ ಒಂದೋ ಎರಡೋ ಬಿಲ್ಲೆ ಸಾಕು. ಪಕ್ಕದಲ್ಲಿ ಗೊಂಬೆ ಬಿದ್ದಿತ್ತು. ಅಜ್ಜಿ ಸೆರಗು ಹೊದ್ದು, ಗುಡಿಗೆ ಬೆನ್ನು ಹಾಕಿ ನಿಂತಿದ್ದಳು.

"ಅದು ನನ್ನ ಮಗಳು ಹೊಲಿದದ್ದು," ಎಂದೆ. ಧ್ವನಿ ಎಷ್ಟು ಸಣ್ಣಗೆ ಬಂತೆಂದರೆ ಎರಡನೆಯ ಸಲ ಹೇಳಬೇಕಾಯಿತು. ಪುಸ್ತಕದ ವಿಷಯ, ಬಟ್ಟೆಯ ವಿಷಯ, ಎಲ್ಲ ಹೇಳಿದೆ.

ಬಾಣಂತಿಯ ಅಣ್ಣ ನಂಬಲಿಲ್ಲ. "ಮುದ್ಕೀನ ಉಳ್ಸಕ್ಕೆ ಹೆತ್ತ ಮಗಳ ಮ್ಯಾಲೇ ಹಾಕ್ತೀಯೇನಕ್ಕ?"

"ಇಲ್ಲ ಮಾಮ, ನಾನೇ ಮಾಡಿದ್ದು," ಎಂದಳು ನನ್ನ ಮಗಳು. "ಸೂಜಿ ಅಮ್ಮಂದು. ವಾಪಸ್ ಕೊಡಿ."

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಬಾಣಂತಿಯ ತಾಯಿ ನಗಲಿಲ್ಲ. ಅವಳ ಕಣ್ಣು ಅಜ್ಜಿಯನ್ನು ಬಿಟ್ಟು ನನ್ನ ಹುಡುಗಿಯ ಮೇಲೆ ಬಂದು ಕೂತಿತು. ಬೆಳಿಗ್ಗೆಯಿಂದ ನಾನು ಹೆದರಿದ್ದು ಆ ಕಣ್ಣಿಗೇ.

"ಇಷ್ಟುದ್ದ ಇಲ್ಲ, ಮಾಟದ ಪುಸ್ತಕ ಓದ್ತಾಳಾ? ಹಂಗಾರೆ ಇವ್ಳೇ ಆರ್ಸ್ಲಿ ಸೂಡಾನ. ಯಾರು ಯೋಳ್ಕೊಟ್ರು ಅಂತ ಮಾರಮ್ಮನ ಮುಂದೆ ಯೋಳ್ಲಿ."

"ಮಗು ಕಣಕ್ಕ ಅದು," ಎಂದೆ.

"ನನ್ ಮೊಮ್ಮಗ ಏನು, ಕಲ್ಲಾ?"

ಅವಳ ಮಗ ಲೈಟರ್ ತೆಗೆದ. ಕರ್ಪೂರ ಭಗ್ಗೆಂದು ಹತ್ತಿಕೊಂಡಿತು. ಹೆದರಿಸಲಿಕ್ಕೆಂದೇ ಹಚ್ಚಿದನೋ, ನಿಜಕ್ಕೂ ಆ ಎಳೆಯ ಕೈಯನ್ನು ಬೆಂಕಿಯ ಮೇಲೆ ಇಡಿಸುತ್ತಿದ್ದನೋ, ಇಂದಿಗೂ ನನಗೆ ಗೊತ್ತಿಲ್ಲ. ಮಗಳು ನನ್ನ ಕೈ ಬಿಡಿಸಿಕೊಂಡು ಮುಂದೆ ಹೋದಳು. ಅಂಗೈ ಚಾಚಿಯೇಬಿಟ್ಟಿದ್ದಳು. ಹಿಂದಕ್ಕೆಳೆಯಲು ಅವಳ ಉಡುಪಿಗೆ ಕೈ ಹಾಕಿದೆ, ಸಿಕ್ಕಲಿಲ್ಲ.

ಅಜ್ಜಿ ತಿರುಗಿದ್ದು ಕಾಣಿಸಲಿಲ್ಲ. ಆಕೆಯ ಕೈ ಮಾತ್ರ ಕಂಡಿತು. ಇಡೀ ಗುಡ್ಡೆಯ ಮೇಲೆ ಅಂಗೈ ಒತ್ತಿ, ಬೆರಳ ಸಂದಿಯಲ್ಲಿ ಉರಿ ನುಸುಳಿದರೂ ಎತ್ತದೆ, ಪೂರ್ತಿ ಆರುವ ತನಕ ಹಿಡಿದಿದ್ದಳು. ಕರ್ಪೂರದ ವಾಸನೆಯ ಜೊತೆ ಇನ್ನೊಂದು ವಾಸನೆ ಬಂತು.

"ಆರೋಯ್ತು," ಅಂದಳು. "ಇನ್ ಯಾರ್ದು ಆಣೆ ಬೇಕ್ಲಾ ನಿಂಗೆ? ನೀನು ಹುಟ್ಟಿದಾಗ ನಿಮ್ಮವ್ವ ಮುಟ್ಟಕ್ಕೂ ಹೆದ್ರತಿದ್ಳು, ಕೋಳಿಮರಿ ಅಂಗಿದ್ದೆ. ಇದೇ ಕೈಯಾಗೆ ತೊಳ್ದಿದ್ದು ಕಣ್ಲಾ."

ಅವನು ಲೈಟರನ್ನು ಜೇಬಿಗೆ ಹಾಕಿಕೊಂಡ. ತಾಯಿಯ ಮುಖ ನೋಡಿದ, ಆಮೇಲೆ ನೆಲ ನೋಡಿದ. ಗೊಂಬೆಯನ್ನು ಯಾರು ಒಯ್ದರು, ಏನು ಮಾಡಿದರು, ನಾನು ವಿಚಾರಿಸಲಿಲ್ಲ. ಜನ ಒಬ್ಬೊಬ್ಬರಾಗಿ ಕರಗಿದರು.

ಅಜ್ಜಿಯನ್ನು ನಮ್ಮ ಹಿತ್ತಿಲಿಗೆ ಕರೆತಂದು ಅಂಗೈಗೆ ತಣ್ಣೀರು ಹುಯ್ದೆ, ಲೋಳೆಸರ ಸೀಳಿ ಹಚ್ಚಿದೆ. ಬೊಬ್ಬೆ ಎದ್ದು ಚರ್ಮ ಹೊಳೆಯುತ್ತಿತ್ತು. "ಈ ಕೈಯಾಗೆ ಎಳೇ ಮೈ ಮುಟ್ಟಂಗಿಲ್ಲ," ಎಂದು ಆಕೆ ತನಗೆ ತಾನೇ ಹೇಳಿಕೊಂಡಳು. ಆಣೆಯ ಮಾತು ಎತ್ತಲಿಲ್ಲ. ಆಗ ಮಗಳಿಗೆ ಅಳು ಬಂತು, ಅಷ್ಟು ಹೊತ್ತಿನ ಮೇಲೆ.

ಮಾರನೆಯ ಬೆಳಿಗ್ಗೆ ಎದುರುಮನೆಯ ಬಾಗಿಲು ತೆರೆಯಿತು. ಬಾಣಂತಿ ಹೊರಗೆ ಬಂದಳು. ಕಿವಿಗೆ ಬಟ್ಟೆ ಕಟ್ಟಿ, ಎದೆಗೆ ಕೂಸನ್ನು ಅವಚಿಕೊಂಡಿದ್ದಳು. ತಿಂಗಳು ತುಂಬದ ಬಾಣಂತಿ ಹೊಸಿಲು ದಾಟುವುದುಂಟೇ? ಹಿಂದಿನಿಂದ ತಾಯಿ ಕೂಗುತ್ತಿದ್ದಳು: "ಬತ್ತೀಯೋ ಇಲ್ವೋ ಒಳಿಕ್ಕೆ! ಗಾಳಿ ಮೆಟ್ಕಂತದೆ!" ಅವಳು ತಿರುಗಿ ನೋಡದೆ ಹುಣಸೆಮರದ ಕಡೆ ನಡೆದಳು. ನಾನು ಮಗಳನ್ನು ಕರೆದುಕೊಂಡು, ಬೇಡ ಬೇಡವೆಂದು ಮನಸ್ಸು ಹೇಳುತ್ತಿದ್ದರೂ, ಹಿಂದೆಯೇ ಹೋದೆ. ಅಜ್ಜಿಯ ಬೇಲಿಯ ಆಚೆಗೇ ನಿಂತೆವು.

ಅಜ್ಜಿ ಒಲೆಗೆ ನೀರಿಟ್ಟಳು. ಬಾಣಂತಿಯನ್ನು ಬಚ್ಚಲ ಕಲ್ಲಿನ ಮೇಲೆ ಕಾಲು ನೀಡಿ ಕೂರಿಸಿದಳು. ಕೂಸನ್ನು ಆ ಕಾಲಿನ ಮೇಲೆ ಬೋರಲು ಮಲಗಿಸಿಕೊಳ್ಳಲು ಹೇಳಿಕೊಟ್ಟಳು. ತನ್ನ ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಎದುರಿಗೆ ಕೂತಳು. ಎಣ್ಣೆ ಜಾರುತ್ತದೆಂದು ಬಾಣಂತಿ ಗಟ್ಟಿಯಾಗಿ ಹಿಡಿಯುತ್ತಿದ್ದಳು, ಕೂಸು ಕಿರುಚುತ್ತಿತ್ತು.

"ಇಂಗೆ ಹಿಂಡ್ಬೇಡ ಕಣವ್ವ, ಬಟ್ಟೆ ಅಲ್ಲ ಅದು. ನೀ ಹೆದರ್ಕಂಡ್ ಹಿಡ್ದ್ರೆ ಅದ್ಕೂ ಗೊತ್ತಾಯ್ತದೆ. ಒಸಿ ಸಡ್ಲ ಬುಡು. ಬೀಳಾಕಿಲ್ಲ, ನಾನಿವ್ನಿ."

ನೀರು ಬೆನ್ನಿಗೆ ಬಿದ್ದಂತೆ ಅಳು ಸಣ್ಣದಾಗುತ್ತ ಬಂತು. ಬೀದಿಯ ಎರಡು ಮೂರು ಬಾಗಿಲುಗಳಲ್ಲಿ ಹೆಂಗಸರು ನಿಂತು ನೋಡುತ್ತಿದ್ದರು. ಅವರಲ್ಲಿ ಒಬ್ಬಳ ಸೊಸೆಗೆ ಆಗ ದಿನ ತುಂಬಿತ್ತು. "ಕೈ ವಾಸಿ ಆದ್ಮ್ಯಾಕೆ ನಮ್ಮನೆ ಕಡೀಕೂ ಬಾ ಅಜ್ಜಿ," ಎಂದು ಅವಳು ಅಲ್ಲಿಂದಲೇ ಕೂಗಿದಳು.

ಮಗಳು ಇನ್ನೂ ಹತ್ತಿರದಿಂದ ನೋಡಬೇಕೆಂದು ಜಗ್ಗಿದಳು. ನಾನು ಅವಳ ಮಣಿಕಟ್ಟು ಹಿಡಿದೇ ನಿಂತಿದ್ದೆ. "ಅಮ್ಮ, ನೋಯ್ತೈತೆ," ಅಂದಳು. ಆದರೂ ಅಷ್ಟು ಜನ ನೋಡುತ್ತಿರುವಾಗ ಬಿಡಲು ಧೈರ್ಯ ಬರಲಿಲ್ಲ.