ಕತ್ತಿನ ಮೇಲಿನ ನೇರಳೆ ಗುರುತು

ನನ್ನದು ದೊಡ್ಡ ಗಂಟಲು. ಅತ್ತೆಗೆ ಎಂಬತ್ತು ದಾಟಿದೆ, ಕಿವಿ ಮಂದ. ಮೆಷಿನ್ನು ತಂದುಕೊಟ್ಟರೆ ಗುಂಯ್ ಅನ್ನುತ್ತೆ ಅಂತ ಡಬ್ಬಿಯಲ್ಲೇ ಇಟ್ಟಿದ್ದಾರೆ. ನನ್ನ ಗಂಡ ಮಾತಾಡಿದರೆ ಪಕ್ಕದಲ್ಲಿ ಕೂತವರಿಗೇ ಕೇಳುವುದಿಲ್ಲ. ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ, ಅದೂ ಫೋನು ನೋಡಿಕೊಂಡು. ಹಾಗಾಗಿ ನಮ್ಮ ಪುರಸೈವಾಕ್ಕಂ ಮನೆಯಲ್ಲಿ ಅತ್ತೆಗೆ ಲೋಕದ ಸುದ್ದಿ ತಲುಪುವುದು ನನ್ನ ಬಾಯಿಂದಲೇ. ಜಗಳವೂ ಅಷ್ಟೇ. ಮೂವತ್ತು ವರ್ಷ ನಾವಿಬ್ಬರೂ ಮೂರನೇ ಮಹಡಿಯವರಿಗೆ ಕೇಳುವ ಹಾಗೆ ಜಗಳವಾಡಿದ್ದೇವೆ.

ಕೆಲವು ವರ್ಷಗಳ ಹಿಂದೆ ಕ್ಯಾನ್ಸರ್ ಅಂತ ನನ್ನ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆದರು. ಆಗ ಮೂರು ತಿಂಗಳು ಧ್ವನಿ ಏಳಲಿಲ್ಲ. ಆ ಮೂರು ತಿಂಗಳೂ ಅತ್ತೆ ಕಿಟಕಿಯ ಪಕ್ಕ ಸುಮ್ಮನೆ ಕೂತಿದ್ದರು. ಆಸ್ಪತ್ರೆಯದೆಲ್ಲ ಮರೆತಿದ್ದೇನೆ, ಅದನ್ನು ಮಾತ್ರ ಮರೆತಿಲ್ಲ.

ಹೋದ ವರ್ಷ ರಕ್ತ ಪರೀಕ್ಷೆಯಲ್ಲಿ ಒಂದು ಅಂಕಿ ಏರತೊಡಗಿತು. ಗ್ರಂಥಿಯೇ ಇಲ್ಲದವರಿಗೆ ಅದು ಸೊನ್ನೆಯ ಹತ್ತಿರ ಇರಬೇಕಂತೆ. ಅಯೋಡಿನ್ ಇಲ್ಲದ ಉಪ್ಪಿನಲ್ಲಿ ಅಡುಗೆ ಮಾಡಿಕೊಂಡು, ಹಾಲು ಮೊಸರು ಬಿಟ್ಟು, ಮೈಯೆಲ್ಲ ಸ್ಕ್ಯಾನ್ ಮಾಡಿಸಿಕೊಂಡೆ. ಏನೂ ಕಾಣಲಿಲ್ಲ. ಇದೆ ಅಂತ ರಕ್ತ, ಇಲ್ಲ ಅಂತ ಸ್ಕ್ಯಾನು. ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಯಲ್ಲಿ ಓಡಾಡಿದೆ. ಒಗೆದ ಬಟ್ಟೆಯನ್ನೇ ಮತ್ತೆ ನೆನೆಹಾಕಿದೆ. ಕೊನೆಗೆ ಕತ್ತಿನ ಅಲ್ಟ್ರಾಸೌಂಡಿನಲ್ಲಿ, ಶ್ವಾಸನಾಳದ ಎಡಕ್ಕೆ, ಕಡಲೆಕಾಳಿನಷ್ಟು ಗಂಟು ಸಿಕ್ಕಿತು. ಸೂಜಿ ಹಾಕಿ ನೋಡಿದರೆ ಅದೇ ರೋಗ.

ಇನ್ನೊಂದು ಆಪರೇಷನ್ ಅಂದರು ಸರ್ಜನ್. ಹಳೆಯ ಗಾಯ ಮಾಗಿದ ಜಾಗದಲ್ಲಿ ಎಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಧ್ವನಿಯ ನರ ಅದರ ಮಧ್ಯವೇ ಹಾಯುತ್ತದೆ, ಹುಡುಕಾಡಿದಷ್ಟೂ ನರಕ್ಕೆ ಅಪಾಯ. ಅದಕ್ಕೇ ಹಿಂದಿನ ದಿನವೇ ಗಂಟಿನ ಜಾಗ ನೋಡಿ ಚರ್ಮದ ಮೇಲೆ ಗುರುತು ಹಾಕುತ್ತೇವೆ ಅಂದರು. ಧ್ವನಿ ಉಳಿಯುತ್ತದಾ ಅಂತ ನಾನು ಎರಡು ಸಲ ಕೇಳಿದೆ. ಎರಡು ಸಲವೂ ಅವರು ಪ್ರಯತ್ನ ಪಡುತ್ತೇನೆ ಅಂದರೇ ಹೊರತು ಉಳಿಯುತ್ತದೆ ಅನ್ನಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಗಂಡನ ಜೊತೆ ಹೋದೆ. ನುಂಗಂಬಾಕ್ಕಂನ ಆಸ್ಪತ್ರೆಯಲ್ಲಿ ಹೆಗಲ ಕೆಳಗೆ ದಿಂಬಿಟ್ಟು ಕತ್ತನ್ನು ಹಿಂದಕ್ಕೆ ಚಾಚಿಸಿ, ತಣ್ಣನೆಯ ಜೆಲ್ ಬಳಿದು ನೋಡಿದರು. ನೇರಳೆ ಪೆನ್ನಿನಲ್ಲಿ ಪುಟ್ಟ ಗುಣಾಕಾರದ ಗುರುತು ಹಾಕಿದರು.

"ಅಳಿಚ್ಚಿಡಾದೀಂಗಮ್ಮಾ," ಅಳಿಸಬೇಡಿ ಅಂದರು ಸರ್ಜನ್. ನಾನು ತಲೆಯಾಡಿಸಿದೆ.

ಸಂಜೆ ಮನೆಗೆ ಬಂದರೆ ಅತ್ತೆ ನಾಲ್ಕು ಮಾರು ದೂರ ನಿಂತು, "ಆಸ್ಪತ್ರೆ ಮೈಲಿಗೆ. ಏನೂ ಮುಟ್ಬೇಡ, ಸೀದಾ ಬಚ್ಚಲಿಗೆ ಹೋಗು," ಅಂದರು. ಈ ಮಾತಿಗೆ ಮೂವತ್ತು ವರ್ಷದಿಂದ ಗೊಣಗಿದ್ದೇನೆ, ಮೂವತ್ತು ವರ್ಷದಿಂದ ಹೋಗಿ ಸ್ನಾನವನ್ನೂ ಮಾಡಿದ್ದೇನೆ. ಅವತ್ತು ತಲೆಯ ತುಂಬ ನಾಳೆಯದೇ ಯೋಚನೆ. ಕತ್ತಿನ ಮೇಲೆ ಜೆಲ್ ಅಂಟಂಟು. ಕಡಲೆಹಿಟ್ಟು ಹಚ್ಚಿ ಉಜ್ಜಿದೆ.

ಕನ್ನಡಿಯಲ್ಲಿ ನೋಡಿದಾಗ ಹಳೇ ಗಾಯದ ಗೆರೆ ಒಂದೇ ಇತ್ತು. ನೇರಳೆ ಗುರುತು ಹೋಗಿತ್ತು. ಗಂಡನನ್ನು ಕೂಗಿ ಕರೆದೆ.

ನನ್ನ ಗಂಡ ರೈಲ್ವೆಯಲ್ಲಿ ನಕ್ಷೆ ಬರೆದು ರಿಟೈರ್ ಆದವರು. "ನಂಗೆ ನೆನಪಿದೆ ಕಣೇ," ಅಂತ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಸ್ಕೇಲ್ ಹಿಡಿದು ಅಳೆದು, ಮಗಳ ನೇರಳೆ ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿದರು. ನಾನು ಹಾಕಿಸಿಕೊಂಡೆ. ಇನ್ಶೂರೆನ್ಸ್ ಆಫೀಸಿನಲ್ಲಿ ಕೂತು ಊರಿಗೆಲ್ಲ ಬುದ್ಧಿ ಹೇಳಿದವಳು ಮೈಲಿಗೆ ಅಂತ ಗುರುತು ತೊಳೆದುಕೊಂಡೆ ಅಂತ ಡಾಕ್ಟರಿಗೆ ಯಾವ ಬಾಯಲ್ಲಿ ಹೇಳಲಿ? ನಾಚಿಕೆಯಾಯಿತು.

"ಏನೇ ಅದು?" ಅಂದರು ಅತ್ತೆ. ಸಿಟ್ಟಿನಲ್ಲಿ ಎಲ್ಲವನ್ನೂ ಕೂಗಿ ಹೇಳಿದೆ. ಗುರುತು ಯಾಕೆ ಹಾಕಿದ್ದರು, ಅದು ಹೋದರೆ ನನ್ನ ಧ್ವನಿ ಏನಾಗಬಹುದು, ಎಲ್ಲ. ಅವರು ತಿರುಗಿ ಬೈಯಲಿಲ್ಲ. "ನಾನೇ ಅಲ್ವೇನೇ ಹೋಗು ಅಂದಿದ್ದು," ಅಂತ ಗೋಡೆ ಹಿಡಿದು ಕೂತರು. ಕೂಗಬಾರದಿತ್ತು ಅನ್ನಿಸಿತು.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಸರ್ಜನ್ ಬಂದು ನನ್ನ ಕತ್ತು ನೋಡಿ, ಸರಿ ಅಂತ ತಲೆಯಾಡಿಸಿ ಹೊರಟರು. ಅವರು ಬಾಗಿಲ ತನಕ ಹೋಗುವಷ್ಟರಲ್ಲಿ ಹಿಂದಿನ ರಾತ್ರಿ ಅತ್ತೆ ಗೋಡೆ ಹಿಡಿದು ಕೂತದ್ದು ಕಣ್ಣಿಗೆ ಕಟ್ಟಿತು.

"ಡಾಕ್ಟರ್, ಅದು ನೀಂಗ ಪೋಟ್ಟದಿಲ್ಲೆ," ಅಂದೆ. ನೀವು ಹಾಕಿದ್ದಲ್ಲ ಅಂತ ಹೇಳಿ, ಕಡಲೆಹಿಟ್ಟಿನ ತನಕ ಎಲ್ಲ ಒಪ್ಪಿಕೊಂಡೆ.

ಅವರು ನಗಲಿಲ್ಲ, ಬೈಯಲೂ ಇಲ್ಲ. ಅಲ್ಟ್ರಾಸೌಂಡ್ ಮೆಷಿನ್ನು ತರಿಸಿ, ಮತ್ತೆ ಕತ್ತು ಚಾಚಿಸಿ ನೋಡಿದರು. ನನ್ನ ಗಂಡ ಹಾಕಿದ ಗುರುತಿಗೂ ಗಂಟಿಗೂ ಎರಡು ಬೆರಳು ಅಂತರವಿತ್ತು. ಕತ್ತು ಚಾಚಿದಾಗ ಚರ್ಮ ಸರಿಯುತ್ತದೆ, ಇವರು ಕೂರಿಸಿ ಅಳೆದಿದ್ದರು. ಸರ್ಜನ್ ಹೊಸ ಗುರುತು ಹಾಕಿ ನನ್ನನ್ನು ಒಳಗೆ ಕರೆದೊಯ್ದರು.

ಎಚ್ಚರವಾದ ಮೇಲೆ ಮಾತಾಡಿ ಅಂದರು. ಬರೀ ಉಸಿರು ಬಂತು. ಗಂಟು ತೆಗೆದಾಯಿತು, ನರ ಉಳಿದಿದೆ, ಊತ ಇಳಿಯಲಿ, ಧ್ವನಿ ನಿಧಾನಕ್ಕೆ ಬರುತ್ತದೆ ಅಂದರು. ಆ ಅಂಕಿ ಇಳಿಯಿತೋ ಇಲ್ಲವೋ ತಿಳಿಯುವುದಕ್ಕೆ ಇನ್ನೂ ಕೆಲವು ವಾರ ಕಾಯಬೇಕಿತ್ತು. ಕಾಯುವುದು ಅಂದರೆ ನನಗೆ ಮೈಯೆಲ್ಲ ಉರಿ.

ಮೂರನೇ ದಿನ ಮನೆಗೆ ಬಂದಾಗ ಅತ್ತೆ ಮಡಿಯಲ್ಲಿದ್ದರು. ನಾನು ಅಭ್ಯಾಸಬಲದಿಂದ ಹೊಸ್ತಿಲ ಹೊರಗೇ ನಿಂತು, "ಸ್ನಾನ ಮಾಡ್ಲಾ ಅತ್ತೆ?" ಅಂದೆ. ನನಗೇ ಸರಿಯಾಗಿ ಕೇಳಲಿಲ್ಲ. ಅವರು ನನ್ನ ತುಟಿಗಳನ್ನೇ ನೋಡಿದರು. ಆಮೇಲೆ ಹೊಸ್ತಿಲು ದಾಟಿ ಬಂದು, ಆಸ್ಪತ್ರೆಯಿಂದ ಬಂದ ಬಟ್ಟೆಯಲ್ಲೇ ಇದ್ದ ನನ್ನ ಹೆಗಲು ಹಿಡಿದು, ನನ್ನ ಬಾಯಿಗೆ ಕಿವಿಯಿಟ್ಟರು.

"ಇನ್ನೊಂದ್ಸಲ ಹೇಳು," ಅಂದರು.

ಹೇಳಿದೆ.

"ಬೇಡ," ಅಂದರು, ಕಿವಿ ತೆಗೆಯಲಿಲ್ಲ.